ಉಂಡು ನುಂಗುವ ಮಾತ್ರೆ

ಖಾಲಿ ಹೊಟ್ಟೆಗೆ ಆಸ್ಪಿರಿನ್ ಬಿದ್ದರೆ ಒಳಗೆ ಹುಣ್ಣಾಗಿ ರಕ್ತ ಒಸರುತ್ತದೆಂದು ಡಾಕ್ಟರ್ ಚನ್ನಕೇಶವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮಾತ್ರೆ ಕೊಡುವ ಮುಂಚೆ ಒಂದು ಮಾತು ತಪ್ಪದೆ ಕೇಳುತ್ತಿದ್ದರು. ಹಾಗೆ ಕೇಳುವ ಡಾಕ್ಟರು ಯಶವಂತಪುರದಲ್ಲಿ ತಾವೊಬ್ಬರೇ ಎಂಬ ಜಂಬವೂ ಇತ್ತೆನ್ನಿ.

"ಊಟ ಮಾಡಿ ತಾನೇ ನುಂಗ್ತೀಯಮ್ಮಾ?"

"ಉಂಡೇ ನುಂಗ್ತೀನಿ ಸ್ವಾಮಿ," ಎನ್ನುತ್ತಿದ್ದಳು ಮುನಿಗಂಗಮ್ಮ. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಚೆಲ್ಲಿದ ಕಾಳು ಗುಡಿಸುವ ಹೆಂಗಸು, ಮಂಡಿ ಎರಡೂ ಊದಿದ್ದವು. ಡಿಸ್ಪೆನ್ಸರಿಗೆ ಮರೆ ಎಂಬುದಿರಲಿಲ್ಲ. ಕಾಯುವವರ ಸಾಲು ಮೇಜಿಗೇ ಒತ್ತಿಕೊಂಡು ನಿಲ್ಲುತ್ತಿತ್ತು. ನೋವು ಬಗ್ಗಲಿಲ್ಲವೆಂದು ಡಾಕ್ಟರು ದಿನಕ್ಕೆ ಮೂರಿದ್ದ ಮಾತ್ರೆಯನ್ನು ಆರು ಮಾಡಿದರು.

ಎರಡನೇ ತಿಂಗಳು ಅವಳ ಮಗ ಮುನಿಯಣ್ಣ ಏದುಸಿರು ಬಿಡುತ್ತ ಓಡಿಬಂದ. ಅವ್ವ ರಕ್ತ ಕಾರಿಕೊಂಡಿದ್ದಾಳೆ ಎಂದ. ಡಾಕ್ಟರು ಸೈಕಲ್ ತುಳಿದುಕೊಂಡು ಗೊರಗುಂಟೆಪಾಳ್ಯದ ಅವರ ಮನೆಗೆ ಹೋದರು. ಮುನಿಗಂಗಮ್ಮ ಗೋಡೆಗೊರಗಿ ಬಿಳಿಚಿಕೊಂಡಿದ್ದಳು. ನಾಡಿ ಸಿಕ್ಕುವುದೇ ಕಷ್ಟವಾಯಿತು.

"ಬೆಳಗ್ಗೆ ಏನು ತಿಂದಿದ್ರು?"

ಸೊಸೆ ಮುನಿಯಲ್ಲಮ್ಮ ತಲೆ ತಗ್ಗಿಸಿದಳು. "ಬೆಳಗ್ಗೆ ಎಲ್ಲುಣ್ತಾರೆ ಸ್ವಾಮಿ? ರೇಶನ್ ರಾಗಿ ಸಾಲ್ದು. ಅವರ ಪಾಲಿನ ಮುದ್ದೆ ಮಕ್ಕಳಿಗೆ ಬುಡ್ತಾರೆ. ಸಂಜೆ ಒಂದೇ ಒತ್ತು."

"ನನ್ನತ್ರ ಉಂಡೇ ನುಂಗ್ತೀನಿ ಅಂತಿದ್ರಲ್ಲಮ್ಮ!"

"ಅಷ್ಟು ಜನದ ಮುಂದೆ ನಮ್ಮನೇಲಿ ಉಣ್ಣಾಕಿಲ್ಲ ಅನ್ನಕಾಯ್ತದಾ?" ಎಂದಳು ಸೊಸೆ.

ಡಾಕ್ಟರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಾರವಾರವೂ ಆ ಕಡ್ಡಿಯಂಥ ಕೈ ಹಿಡಿದು ನಾಡಿ ನೋಡಿದ್ದವರು ಅವರೇ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಬಾಯಿಮಾತನ್ನು ನಂಬಿದ್ದರು, ಯಾಕೆಂದರೆ ನಂಬುವುದು ಸಲೀಸಾಗಿತ್ತು.

ಜಟಕಾದಲ್ಲಿ ಮಲಗಿಸಿ ದೊಡ್ಡಾಸ್ಪತ್ರೆಗೆ ತಾವೇ ಕರೆದೊಯ್ದರು. ಮಾತ್ರೆ ಕೊಟ್ಟವನು ನಾನೇ, ದಿನಕ್ಕೆ ಆರು, ಎಂದು ಅಲ್ಲಿನ ಚೀಟಿಯಲ್ಲಿ ಬರೆದುಕೊಟ್ಟರು. ಎರಡು ಬಾಟಲಿ ರಕ್ತ ಏರಿಸಿದರು. ಮೂರನೇ ದಿನ ಜೀವಕ್ಕೆ ಭಯವಿಲ್ಲ ಎಂದರು.

ಅವತ್ತು ಡಾಕ್ಟರು ವಾರ್ಡಿಗೆ ಹೋದರೆ ಮುನಿಗಂಗಮ್ಮ ಮಲಗಿದ್ದಲ್ಲೇ ಕೈ ಮುಗಿದಳು. "ಸುಳ್ ಹೇಳ್ಬುಟ್ಟೆ. ತಪ್ಪಾಯ್ತು ಸ್ವಾಮಿ."

"ನಿಂದಲ್ಲಮ್ಮ, ತಪ್ಪು ನಂದು. ನಾನು ಕೊಟ್ಟ ಮಾತ್ರೆಯಿಂದಲೇ ಹೀಗಾಗಿದ್ದು."

ಅವಳು ಗಾಬರಿಯಿಂದ ಪಕ್ಕದ ಮಂಚಗಳತ್ತ ನೋಡಿ, ಅವರ ಕೈ ಹಿಡಿದು ಹತ್ತಿರಕ್ಕೆಳೆದಳು.

"ಮೆತ್ತಗನ್ನಿ ಸ್ವಾಮಿ. ನಾಕ್ ಜನ ಕೇಳಿಸ್ಕೊಂಡ್ರೆ ನಿಮ್ ಮರ್ವಾದೆ ಏನಾಗ್ಬೇಕು?"