ಮಗ್ಗದವರ ಉತ್ತರ

"ಗ್ವಾಡಿ ಕಡೆ ಮುಖಾ ಮಾಡಿ ಕುಂಡ್ರಿ, ಅಕ್ಕಾರ. ನಾ ಹಿಂದಿಂದ ಸಣ್ಣ ದನೀಲೆ ಹೇಳ್ತೀನಿ. ನೀವು ತಿರಗಿ ಅದನ್ನ ಹೇಳ್ರಿ," ಎಂದರು ಡಾಕ್ಟರ್ ವಾಣಿಶ್ರೀ.

ದ್ಯಾಮವ್ವ ತಿರುಗಿ ಕುಳಿತಳು. ಬೆಟಗೇರಿಯ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರ ಕಣ್ಣು, ಕಿವಿ, ಮೊಣಕಾಲು ನೆಟ್ಟಗಿರಬೇಕೆಂದು ಈ ವರ್ಷದಿಂದ ನಿಯಮ. ಇರದಿದ್ದರೆ ಕೆಲಸವಿಲ್ಲ. ದೂರದ ಸಣ್ಣ ಅಕ್ಷರ ಓದಿದ್ದಳು, ಕುರ್ಚಿ ಹಿಡಿಯದೆ ಕೂತೆದ್ದಿದ್ದಳು. ಉಳಿದದ್ದು ಕಿವಿಯೊಂದೇ. ಗೋಡೆಗೆ ಹಾಕಿದ ಬೆಂಚಿನ ಮೇಲೆ ಅವಳಿಗೆ ಎದುರಾಗಿ ಫಕೀರಸಾಬ ತನ್ನ ಪಾಳಿಗೆ ಕಾಯುತ್ತಿದ್ದ. ರಸ್ತೆಯ ಆ ಬದಿ ಅವನದು, ಈ ಬದಿ ಅವಳದು.

"ಬಸ್ಸು," ಎಂದರು ಡಾಕ್ಟರು. ಕಾದರು. "ಗಂಟಿ." ಮತ್ತೆ ಕಾದರು. "ಪಾಟಿ."

ಒಂದಕ್ಕೂ ಉತ್ತರ ಡಾಕ್ಟರ ಕಿವಿಗೆ ಬೀಳಲಿಲ್ಲ.

"ನಿಮಗ ಕೇಳೂದಿಲ್ರಿ, ಅಕ್ಕಾರ. ನಿಮ್ಮನ್ನ ರಸ್ತಾದಾಗ ಹ್ಯಾಂಗ ನಿಲ್ಲಸೂದು?"

ದ್ಯಾಮವ್ವ ಗರ್ರನೆ ತಿರುಗಿದಳು. "ನನ್ನ ಕಿವಿ ತಪಾಸ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆ ಉಸುಕಿನ ಲಾರಿಗೋಳ ಬ್ರೇಕ್ ಯಾರು ತಪಾಸ ಮಾಡ್ಯಾರ? ಅಳಿಸಿಹೋದ ಬಿಳಿ ಪಟ್ಟಿ ಯಾರು ಬಳ್ಯಾರ? ಪರೀಕ್ಷಾ ಅನ್ನೂವೆಲ್ಲಾ ನಮ್ಮಂಥವರ ಮೈಗೇ ಏನ್ರಿ?"

ಫಕೀರಸಾಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಬಾಯಾರ, ಆಕಿ ಎಲ್ಲಾ ಹೇಳ್ಯಾಳ್ರಿ. ನಿಮಗಽ ಕೇಳಿಲ್ಲ."

"ಏನು ಹೇಳ್ಯಾರ?"

"ಬಸ್ಸು, ಗಂಟಿ, ಪಾಟಿ. ದನಿ ಇಲ್ಲ, ಬರೇ ತುಟಿ. ಪಾವರ್ ಮಗ್ಗದಾಗ ದುಡದವ್ರು ನಾವಿಬ್ರೂ. ಆ ಗದ್ದಲದಾಗ ಒದರಿದ್ರ ಯಾರಿಗೆ ಕೇಳಬೇಕು? ನಾ ಎದುರಿಗಿದ್ದೆ, ನನಗಽ ಹೇಳಿಬಿಟ್ಟಾಳ."

ದ್ಯಾಮವ್ವ ನಾಲಿಗೆ ಕಚ್ಚಿಕೊಂಡಳು. ಡಾಕ್ಟರು ನಗು ತಡೆಯುತ್ತ ಫಕೀರಸಾಬನನ್ನು ಹೊರಗೆ ಕಳಿಸಿ, ಮೊದಲಿನಿಂದ ಶುರು ಮಾಡಿದರು. ಈ ಸಲ ಅವಳ ದನಿ ವರಾಂಡದ ತನಕ ಕೇಳಿತು.

"ಬಲಗಿವಿ ಚೂರು ಮಂದ ಐತಿ. ವರ್ಷಕ್ಕೊಮ್ಮೆ ಬಂದು ತೋರಸ್ರಿ," ಎಂದರು ಡಾಕ್ಟರು. "ಪಾಸ್ ಆದ್ರಿ."

ಮರುದಿನ ಬೆಳಿಗ್ಗೆ ಹಳದಿ ಜಾಕೀಟು ತೊಟ್ಟು, ಕೆಂಪು ಹಲಗೆ ಎತ್ತಿ ಅವಳು ರಸ್ತೆಗಿಳಿದಳು. ಉಸುಕಿನ ಲಾರಿಯೊಂದು ಮುಂದೆ ಬಂದು ನಿಂತು, ಹಾರ್ನ್ ಬಾರಿಸತೊಡಗಿತು. ಆಚೆ ಬದಿಯಿಂದ ಫಕೀರಸಾಬನ ತುಟಿಗಳು ಅಲುಗಿದವು: ಚಾ ಆತೇನ?

ಅವಳ ತುಟಿಯೂ ಸದ್ದಿಲ್ಲದೆ ತೆರೆಯಿತು. ಮುಚ್ಚಿತು. ಎದೆ ತುಂಬ ಉಸಿರೆಳೆದುಕೊಂಡಳು.

"ಆತೋ, ಫಕೀರಣ್ಣಾ!"

ಬೆಚ್ಚಿದ ಡ್ರೈವರ್ ಹಾರ್ನ್‌ನಿಂದ ಕೈ ತೆಗೆದ. ಮಕ್ಕಳು ಕಿಸಕ್ಕನೆ ನಕ್ಕು, ಒಬ್ಬರ ಚೀಲ ಒಬ್ಬರು ಹಿಡಿದುಕೊಂಡು ರಸ್ತೆ ದಾಟತೊಡಗಿದವು.