ಪಟ್ಟಿಯಲ್ಲಿಲ್ಲದ ಬುರೆಕ್

ನೆವೆಂಕಾ ಸರಾಯೆವೊ ಬಿಟ್ಟು ಹೊರಡುವ ಮುನ್ನ ಯಾವ ಯಾವ ಅಂಗಡಿಯಲ್ಲಿ ತಿಂದೇ ತೀರಬೇಕು ಎಂದು ಪಟ್ಟಿ ಮಾಡಿದ್ದಳು. ಅದರಲ್ಲಿ ನನ್ನ ಅಂಗಡಿ ಇರಲಿಲ್ಲ.

ಅವಳು ಟ್ರಾಮ್ ಓಡಿಸುತ್ತಿದ್ದವಳು. ನನ್ನ ಬುರೆಕ್ ಅಂಗಡಿ ಹಳಿಯ ಪಕ್ಕದಲ್ಲೇ ಇದೆ. ನಿಲ್ದಾಣವಲ್ಲದ ಕಡೆ ಟ್ರಾಮ್ ನಿಲ್ಲಿಸಿ, "ರಸೆಮಾ, ಬಿಸಿ ಇದೆಯೇನೇ?" ಎಂದು ಕಿಟಕಿಯಿಂದಲೇ ಕೂಗುತ್ತಿದ್ದಳು. ಇದ್ದರೂ ನಾನು ಕೈಗೆ ಕೊಡುತ್ತಿರಲಿಲ್ಲ. ಒಳಗೆ ಬಂದು ತಟ್ಟೆಯಲ್ಲಿ ತಿನ್ನಬೇಕು, ಅದು ನನ್ನ ಅಂಗಡಿಯ ಕಾನೂನು. ಹಿಟ್ಟನ್ನು ಮೇಜಿನಗಲ ತೆಳ್ಳಗೆ ಎಳೆದು, ಮಾಂಸ ತುಂಬಿ, ಸುರುಳಿ ಸುತ್ತಿ, ಕೆಂಡ ಹೇರಿದ ಮುಚ್ಚಳದಡಿ ಬೇಯಿಸಿದ ಬುರೆಕ್ ಬೀದಿ ದಾಟುವಷ್ಟರಲ್ಲಿ ಸತ್ತುಹೋಗುತ್ತದೆ. ಪೊಟ್ಟಣ ಕಟ್ಟಿಕೊಡಿ ಎಂದವರಿಗೆ ನಾನು ಬಾಗಿಲು ತೋರಿಸಿದ್ದೇನೆ. ಹಾಗಾಗಿ ನೆವೆಂಕಾ ಇಳಿದು ಬಂದು ನಿಂತಲ್ಲೇ ಗಬಗಬನೆ ತಿನ್ನುತ್ತಿದ್ದಳು. ಪ್ರಯಾಣಿಕರು ಟ್ರಾಮಿನೊಳಗಿಂದ ಬೈಯುತ್ತಿದ್ದರು. ವಾಸನೆ ತಡೆಯಲಾರದ ಕೆಲವರು ತಾವೂ ಇಳಿದು ಬರುತ್ತಿದ್ದರು.

ಈಗ ಅವಳು ನಿವೃತ್ತಳು. ಮಂಡಿ ನೋವಿಗೆ ಇಲ್ಲಿಯ ಚಳಿ ಆಗುವುದಿಲ್ಲ. ನಮ್ಮ ದೇಶಕ್ಕಿರುವ ಒಂದೇ ತುಂಡು ಕಡಲಿನ ದಂಡೆಯಲ್ಲಿ, ನೆಯುಮಿನಲ್ಲಿ, ಅವಳ ತಂಗಿಯ ಮನೆಯಿದೆ. ಇನ್ನು ಅಲ್ಲೇ ಇರುವುದೆಂದು ತೀರ್ಮಾನವಾಗಿತ್ತು.

"ಸಂಜೆ ಅಂಗಡಿ ಮುಚ್ಚಿದ ಮೇಲೆ ನನ್ ಜೊತೆ ಬಾರೇ. ಒಬ್ಳೇ ತಿಂದ್ರೆ ರುಚಿಸಲ್ಲ," ಎಂದಳು.

ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ ದೊಡ್ಡವರು. 'ನನ್ನದೆಲ್ಲಿ?' ಎಂದು ಕೇಳಬಹುದಿತ್ತು. ಆದರೆ ಕೇಳಿ ಪಡೆಯುವ ಮರ್ಯಾದೆ ಯಾರಿಗೆ ಬೇಕು? ಬಾಯಿ ಮುಚ್ಚಿಕೊಂಡು ಹೊರಟೆ. ತಿನ್ನಲು ಮಾತ್ರ ಬಾಯಿ ತೆರೆದೆ.

ಎಂಥ ಸಂಜೆಗಳವು! ಒಂದು ದಿನ ಅಕ್ರೋಟು ತುಂಬಿ ಬೇಯಿಸಿದ ಸೇಬು, ಮೇಲೆ ಕೆನೆಯ ಗೋಪುರ. ನೆವೆಂಕಾಳ ಮೂಗಿನ ತುದಿಗೂ ಕೆನೆ. ಇನ್ನೊಂದು ದಿನ ಮಾಂಸ ತುಂಬಿದ ಪುಟ್ಟ ಈರುಳ್ಳಿಗಳು. ಬಡಿಸಿದವನು, "ಇಬ್ರಿಗೂ ಸೇರಿಸಿ ಒಂದು ತಟ್ಟೆ ಸಾಕಲ್ವಾ, ಅಮ್ಮಾ?" ಎಂದ. "ನಿಮ್ಮಜ್ಜಿನ ಕೇಳು ಆ ಪ್ರಶ್ನೆ," ಎಂದು ನೆವೆಂಕಾ ಮೂರು ತಟ್ಟೆ ತರಿಸಿದಳು. ಮಂಡಿ ನೋವಿನವಳು ಊಟಕ್ಕೆ ಹೊರಟರೆ ನನಗಿಂತ ಮುಂದೆ ನಡೆಯುತ್ತಿದ್ದಳು.

ಚೆವಾಪಿಯ ದಿನ ಮಾತ್ರ ನನಗೆ ಬೆವರು ಕಿತ್ತುಕೊಂಡಿತು. ಕೆಂಡದಲ್ಲಿ ಸುಟ್ಟ ಆ ಮಾಂಸದ ಬೆರಳುಗಳನ್ನು ಈ ಊರಿನಲ್ಲಿ ಯಾರೂ ಎರಡು ಅಂಗಡಿಯಲ್ಲಿ ತಿನ್ನುವುದಿಲ್ಲ. ಒಂದು ಮನೆಯೆಂದರೆ ಒಂದು ಅಂಗಡಿ. ಗಂಡ ಬೇರೆ ಪಕ್ಷಕ್ಕೆ ಮತ ಹಾಕಿದರೂ ಹೆಂಡತಿ ಸಹಿಸಿಯಾಳು, ಬೇರೆ ಅಂಗಡಿಯ ಚೆವಾಪಿ ತಿಂದರೆ ಇಲ್ಲ. ನಮ್ಮ ಮನೆಯದು ನದಿಯ ಈ ದಂಡೆಯ ಅಂಗಡಿ. ನೆವೆಂಕಾಳ ಪಟ್ಟಿಯಲ್ಲಿದ್ದದ್ದು ಆ ದಂಡೆಯದು. ತಲೆಗೆ ವಸ್ತ್ರ ಸುತ್ತಿ, ಕಪ್ಪು ಕನ್ನಡಕ ಹಾಕಿ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ.

ಅಂಗಡಿಯವನು ಒಲೆಯ ಬಳಿಯಿಂದಲೇ ಕೂಗಿದ: "ರಸೆಮಕ್ಕಾ! ಅಂತೂ ದಾರಿಗೆ ಬಂದ್ರಲ್ಲಾ! ಅಕ್ಕಂಗೆ ಈರುಳ್ಳಿ ಜಾಸ್ತಿ ಹಾಕ್ರೋ!"

ಇಡೀ ಅಂಗಡಿ ತಿರುಗಿ ನೋಡಿತು. ನೆವೆಂಕಾ ಮೇಜಿಗೆ ಹಣೆ ಹಚ್ಚಿ ನಕ್ಕಳು. ಚೆನ್ನಾಗಿತ್ತೇ ಎಂದು ಕೇಳಬೇಡಿ. ನನ್ನಪ್ಪನ ಗೋರಿಯ ಮುಂದೆ ನಾನಿನ್ನೂ ನಿಲ್ಲಬೇಕು.

ಇಷ್ಟು ನಗುವಾಗಲೂ ಒಳಗೊಂದು ಮುಳ್ಳು ಚುಚ್ಚುತ್ತಲೇ ಇತ್ತು. ಕೊನೆಯ ದಿನ ನನ್ನಲ್ಲಿಗೆ ಕರೆದುಕೊಂಡು ಬಂದು ಬೆರಗುಗೊಳಿಸುತ್ತಾಳೇನೋ ಎಂದು ಆಸೆ ಇಟ್ಟುಕೊಂಡೆ. ಕೊನೆಯ ದಿನ ಕರೆದುಕೊಂಡು ಹೋದದ್ದು ಮಾರುಕಟ್ಟೆಯ ಹಿಂದಿನ ಇನ್ನೊಂದು ಬುರೆಕ್ ಅಂಗಡಿಗೆ. ನನ್ನ ಎದುರಾಳಿಯ ಅಂಗಡಿಗೆ! ವಿದ್ಯುತ್ ಒಲೆಯಲ್ಲಿ ಬೇಯಿಸುವವನ ಅಂಗಡಿಗೆ!

"ಕೂತ್ಕೋ, ಬಿಸಿಯಾಗಿದೆ," ಎಂದಳು, ಆಗಲೇ ಬಾಯಿ ತುಂಬಿಕೊಂಡು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಕೂರ್ತೀನಿ, ನಿನ್ ತಲೆ ಮೇಲೆ! ಈ ರಬ್ಬರಿಗೆ ನಿನ್ ಪಟ್ಟೀಲಿ ಜಾಗ ಇದೆ, ನನಗಿಲ್ಲ! ಮೂವತ್ತು ವರ್ಷ ನನ್ನ ಅಂಗಡಿ ಮುಂದೆ ಟ್ರಾಮ್ ನಿಲ್ಲಿಸಿದ್ದು ಯಾಕೆ, ಗಾಳಿ ಕುಡಿಯೋಕಾ?"

ಅವಳು ಏನೋ ಹೇಳಹೋದಳು. ಬಾಯಲ್ಲಿ ಬುರೆಕ್ ಇತ್ತು, ಮೇಲೆ ನಗು ಬೇರೆ ಬಂತು. ಆ ನಗು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ನುಂಗಿ ಮುಗಿಸಲಿ ಎಂದು ನಾನು ಕಾಯಲಿಲ್ಲ, ಎದ್ದು ಬಂದುಬಿಟ್ಟೆ.

ಮರುದಿನ, ಮಂಗಳವಾರ, ಅವಳು ಹೊರಡುವ ದಿನ. ಬೆಳಗ್ಗೆ ಎದ್ದವಳೇ ಸಿಟ್ಟಿನಲ್ಲಿ ಹಿಟ್ಟು ಎಳೆದೆ. ಸಿಟ್ಟಿಗೆ ಹಿಟ್ಟು ಎಂದೂ ಬಾರದಷ್ಟು ತೆಳ್ಳಗೆ ಬಂತು. ಒಂದು ಪೂರ್ತಿ ತಟ್ಟೆ ಬೇಯಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಬಸ್ ನಿಲ್ದಾಣಕ್ಕೆ ಓಡಿದೆ. ಏನು ಬಿಟ್ಟು ಹೋಗುತ್ತಿದ್ದಾಳೆಂದು ತಿಂದು ತಿಳಿಯಲಿ, ದಾರಿಯುದ್ದಕ್ಕೂ ಅಳಲಿ ಎಂಬುದೇ ನನ್ನ ಉದ್ದೇಶ. ನನ್ನ ಕಾನೂನನ್ನು ನಾನೇ ಮುರಿದಿದ್ದೇನೆಂಬುದು ತಲೆಗೇ ಹೊಳೆಯಲಿಲ್ಲ.

ಬಸ್ಸಿನ ಚಾಲಕ ಫಾಹ್ರೊ, ಹಿಂದೆ ಅವಳ ಜೊತೆ ಟ್ರಾಮ್ ಓಡಿಸಿದವನು, ನನ್ನ ಕೈಯಲ್ಲಿದ್ದುದನ್ನು ನೋಡಿ ಹುಬ್ಬೇರಿಸಿದ.

"ಶುಕ್ರವಾರದಿಂದ ಅಂದಿದ್ರಿ, ನೆವೆಂಕಕ್ಕಾ? ಇವತ್ತೇ ಶುರುವಾಯ್ತಾ?"

"ಏನು ಶುಕ್ರವಾರ?" ಎಂದೆ.

ನೆವೆಂಕಾ ಮೆಟ್ಟಿಲ ಮೇಲೆ ನಿಂತು, ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕೆಂಪಾದಳು. "ನಿನ್ ಬುರೆಕ್‌ನ ಪ್ರತಿ ಶುಕ್ರವಾರ ಇವನ ಬಸ್ಸಲ್ಲಿ ತರಿಸಿಕೊಳ್ಳೋಣ ಅಂತಿದ್ದೆ ಕಣೇ. ಇವನನ್ನ ಒಪ್ಪಿಸಿ ತಿಂಗಳಾಯ್ತು. ನಿನ್ನ ಕೇಳೋಕೇ ಧೈರ್ಯ ಬರಲಿಲ್ಲ. ಬೀದಿ ಆಚೆಗೇ ಕಟ್ಟಿಕೊಡದವಳು ಕಡಲ ತನಕ ಕಟ್ಟಿಕೊಡ್ತೀಯಾ? ಅಲ್ಲಿ ಹೋದ್ಮೇಲೆ ಫೋನ್ ಮಾಡೋಣ, ದೂರದಿಂದ ಬೈಸಿಕೊಂಡ್ರೆ ಅಷ್ಟು ತಾಗಲ್ಲ ಅಂತ..."

"ಮತ್ತೆ ಪಟ್ಟಿ?"

"ಅದು ಬಿಟ್ಟು ಹೋಗೋದರ ಪಟ್ಟಿ ಕಣೇ, ದಡ್ಡಿ! ನಿನ್ನ ಬಿಟ್ಟು ಹೋಗ್ತೀನಿ ಅಂತ ಯಾರು ಹೇಳಿದ್ರು?"

ಅವಳನ್ನು ದಾರಿಯುದ್ದಕ್ಕೂ ಅಳಿಸಲು ಬಂದ ನಾನೇ ನಿಲ್ದಾಣದ ನಟ್ಟನಡುವೆ ಗೊಳೋ ಎಂದು ಅತ್ತೆ. ಅಳುತ್ತಲೇ ನಗು ಬಂತು. ಬಸ್ಸಿನವರೆಲ್ಲ ಒಂದೊಂದು ತುಂಡು ಮುರಿದುಕೊಂಡರು. ಫಾಹ್ರೊ ಎರಡು ಮುರಿದುಕೊಂಡ. ಬಸ್ಸು ಹೊರಟಾಗ, ಹೋದವರು ನೀರಿನಂತೆ ಸಲೀಸಾಗಿ ಹರಿದು ಹೋಗಿ ಮರಳಿ ಬರಲೆಂದು ನಾವು ಮಾಡುವ ಹಾಗೆ, ಅದರ ಹಿಂದೆ ಒಂದು ಬಾಟಲಿ ನೀರು ಸುರಿದೆ.

ಶುಕ್ರವಾರ ಬುರೆಕ್ಕನ್ನು ಸ್ವಲ್ಪ ಹಸಿ ಇರುವಾಗಲೇ ಕೆಂಡದಿಂದ ಇಳಿಸಿದೆ, ಅವಳ ಒಲೆಯಲ್ಲಿ ಉಳಿದದ್ದು ಬೇಯಲಿ ಎಂದು. "ಎಂಜಿನ್ ಹತ್ರ ಇಡಬೇಡ, ಕಾಲಡಿ ಇಡಬೇಡ, ಮೂಸಬೇಡ," ಎಂದು ಫಾಹ್ರೊನಿಗೆ ಹೇಳಿ ತಟ್ಟೆ ಕೊಟ್ಟೆ. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಟ್ಟೆಯ ಹಿಂದೆಯೂ ನೀರು ಸುರಿದೆ.

ತಟ್ಟೆ ಮರಳಿ ಬಂತು. ಪಾತ್ರೆಯನ್ನು ಬರಿದಾಗಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ. ತುಂಬ ಅಂಜೂರ ಇತ್ತು. ಫಾಹ್ರೊ ಮಾತ್ರ ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

"ಏನಂತೆ ಅವಳು?"

"ಹೇಳಿದ್ರೆ ನನಗೆ ಹೊಡೀಬಾರದು. ಉಪ್ಪು ಕಮ್ಮಿ ಆಗಿತ್ತಂತೆ."

"ಉಪ್ಪು ಕಮ್ಮಿಯಾ?" ಬೀದಿಯ ಆ ತುದಿಯವರೆಗೂ ಕೇಳುವ ಹಾಗೆ ಕೂಗಿದೆ. ಎಷ್ಟು ದಿನವಾಗಿತ್ತು ನನಗೆ ಅಷ್ಟು ಖುಷಿಯಾಗಿ! "ಕಡಲ ದಂಡೇಲೇ ಕೂತಿದ್ದಾಳಲ್ಲ? ಅದ್ದಿಕೊಂಡು ತಿನ್ನು ಅಂತ ಹೇಳು!"