ಹೊರಗೆ ಹೇಳಬಾರದ ಜ್ವರ

ಐವರ್ನಾಡಿನ ಬೋಜಪ್ಪ ಗೌಡರ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅವರ ಹೆಂಡತಿ ಕಮಲಾವತಿ. ರಬ್ಬರ್ ಹಾಲು ತೆಗೆಯಲು ಹೊರಡುವ ಗಂಡನಿಗೂ ಮಗ ರೂಪೇಶನಿಗೂ ಕಾಫಿ ಕೊಟ್ಟು, ಸೊಸೆ ಭವಿತಾ ದೋಸೆ ಹೊಯ್ಯುವಷ್ಟರಲ್ಲಿ ಮೊಮ್ಮಗಳು ಯಶ್ಮಿತಾಳ ಮುಖ ತೊಳೆಸಿ ಮುಗಿಸುತ್ತಿದ್ದರು. ನಾಲ್ಕು ವರ್ಷದ ಆ ಮಗು ಎಂದರೆ ಅಜ್ಜಿಗೆ ಜೀವ. ಕಮಲಾವತಿ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಿಂದ ಆದ ಅನಾಹುತವಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಆ ಮನೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವ ಕ್ರಮ ಇರಲಿಲ್ಲ. ಹೆರಿಗೆಯಾದಾಗ ಆಸ್ಪತ್ರೆಯವರು ಕೊಟ್ಟದ್ದೇ ಕೊನೆ. ಕಮಲಾವತಿಯ ಮಗಳ ಕೂಸಿಗೆ ಹಿಂದೊಮ್ಮೆ ಲಸಿಕೆ ಹಾಕಿಸಿದಾಗ ಜ್ವರ ಬಂದು ತೊಡೆ ಬಾತಿತ್ತು. ಜ್ವರ ಮರುದಿನವೇ ಇಳಿಯಿತು, ಹೆದರಿಕೆ ಇಳಿಯಲಿಲ್ಲ. ರೂಪೇಶನ ಫೋನಿಗೆ ಬರುವ ವಿಡಿಯೋಗಳು ಅದನ್ನು ಇನ್ನಷ್ಟು ಬೆಳೆಸಿದವು.

ಯಶ್ಮಿತಾಳಿಗೆ ದಡಾರದ ಲಸಿಕೆ ಹಾಕಿಸಿ ಎಂದು ಹೇಳಲು ಆರೋಗ್ಯ ಕೇಂದ್ರದ ಡಾಕ್ಟರ್ ಹೇಮಶ್ರೀ ಒಮ್ಮೆ ಮನೆಗೇ ಬಂದರು.

"ದಡಾರ ಅಂದ್ರೆ ಅಮ್ಮ ಬರುದು ಡಾಕ್ಟ್ರೆ. ಬರ್ತಾಳೆ, ಹೋಗ್ತಾಳೆ," ಎಂದರು ಕಮಲಾವತಿ. "ಸೂಜಿ ಚುಚ್ಚಿಸಿ ತಡೆಯುದು ಅಂದ್ರೆ ದೇವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ನಮಗೆಲ್ಲ ಬಂದಿತ್ತು. ನಾವು ಸತ್ತಿದ್ದೇವಾ?"

"ಸತ್ತವರು ಬಂದು ಹೇಳುದಿಲ್ಲ ಅಲ್ವಾ ಅಮ್ಮಾ?" ಎಂದರು ಹೇಮಶ್ರೀ. "ನಿಮ್ಮ ಹಿರಿಯರ ಕಾಲದಲ್ಲಿ ಸಿಡುಬು ಇತ್ತು. ಈಗ ಲೋಕದಲ್ಲೇ ಇಲ್ಲ. ಅದು ತಾನಾಗಿ ಹೋದದ್ದಲ್ಲ, ದೇಶ ದೇಶದವರು ಲಸಿಕೆ ಹಾಕಿಸಿ ಓಡಿಸಿದ್ದು. ದಡಾರ ಇನ್ನೂ ಉಂಟು, ಯಾಕೆಂದರೆ ಲಸಿಕೆ ಹಾಕಿಸದ ಮಕ್ಕಳು ಉಂಟು. ಚುಚ್ಚಿಸಿದ ಮೇಲೆ ಜ್ವರ ಬರಬಹುದು, ನಾನು ಸುಳ್ಳು ಹೇಳುದಿಲ್ಲ. ಅದು ಇಳಿಯುವ ಜ್ವರ."

ರೂಪೇಶ ಬಾಗಿಲಿಗೆ ಒರಗಿ ನಿಂತಿದ್ದ. "ನಮ್ಮ ಮಗು ಗಟ್ಟಿ ಉಂಟು. ಬಂದ್ರೆ ನಮ್ಮ ಮಗುವಿಗೆ ಬಂತು. ಬೇರೆಯವರಿಗೆ ಎಂತ?"

"ಒಂಬತ್ತು ತಿಂಗಳು ತುಂಬದ ಮಕ್ಕಳಿಗೆ ನಾವು ಸಾಮಾನ್ಯವಾಗಿ ಇದನ್ನು ಹಾಕುದಿಲ್ಲ. ಸುತ್ತ ಇರುವ ದೊಡ್ಡ ಮಕ್ಕಳಿಗೆ ಬಾರದಿದ್ದರೆ ಮಾತ್ರ ಆ ಶಿಶುಗಳು ಉಳಿಯುದು."

"ನೋಡುವ," ಎಂದರು ಬೋಜಪ್ಪ ಗೌಡರು. ಮಾತು ಅಲ್ಲಿಗೇ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಭವಿತಾಳನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ದಾರಿಯ ಆಚೆ ಬದಿಯಲ್ಲಿ ಕುಂಞಿ ಮೋನು ಅವರ ಜಿನಸಿನ ಅಂಗಡಿ, ಅದರ ಹಿಂದೆ ಮನೆ. ಮಗಳು ಸಫಿಯಾ ಬಾಣಂತನಕ್ಕೆ ಬಂದವಳು ಅಲ್ಲೇ ಇದ್ದಳು. ಗಂಡ ಸಿದ್ದೀಕ್ ಕೊಲ್ಲಿ ದೇಶದ ದಮ್ಮಾಮಿನಲ್ಲಿ ಕೆಲಸಕ್ಕಿದ್ದ. ಮಗು ಅಮೀರಾಳಿಗೆ ಏಳು ತಿಂಗಳು. ಸಫಿಯಾ ಒಂದು ಲಸಿಕೆಯನ್ನೂ ತಪ್ಪಿಸಿದವಳಲ್ಲ. ಸಂಜೆ ಯಶ್ಮಿತಾ ಓಡಿ ಹೋಗಿ ಕಾಲು ಚಾಚಿ ಕೂತರೆ, ಸಫಿಯಾ ನಗುತ್ತಾ ಮಗುವನ್ನು ಅವಳ ಮಡಿಲಲ್ಲಿ ಮಲಗಿಸುತ್ತಿದ್ದಳು.

ಪುತ್ತೂರಿನಲ್ಲಿ ಒಂದು ಮದುವೆಗೆ ಹೋಗಿ ಬಂದ ಕೆಲವು ದಿನಗಳಲ್ಲಿ ಯಶ್ಮಿತಾಳಿಗೆ ಶೀತವಾಯಿತು, ಕಣ್ಣು ಕೆಂಪಾಯಿತು. ಆ ಸಂಜೆಯೂ ಅವಳು ಅಮೀರಾಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ಜ್ವರ ಏರಿತು. ಕಿವಿಯ ಹಿಂದೆ ಎದ್ದ ಕೆಂಪು ಗುಳ್ಳೆ ಮುಖಕ್ಕೆ, ಎದೆಗೆ ಇಳಿಯಿತು.

ಕಮಲಾವತಿ ಹಾಸಿಗೆಯ ಸುತ್ತ ಕಹಿಬೇವಿನ ಸೊಪ್ಪು ಇಟ್ಟರು. ಅಡುಗೆಗೆ ಒಗ್ಗರಣೆ ನಿಂತಿತು. ಮದ್ದು ತರಕೂಡದು ಎಂದಾಯಿತು.

"ಸಫಿಯಾಳಿಗಾದರೂ ಹೇಳುವ ಅತ್ತೆ. ಅಲ್ಲಿ ಸಣ್ಣ ಮಗು ಉಂಟು," ಎಂದಳು ಭವಿತಾ.

"ಅಮ್ಮ ಬಂದದ್ದನ್ನು ಹೊರಗೆ ಹೇಳಬಾರದು. ಹೇಳಿದ್ರೆ ಆ ಡಾಕ್ಟ್ರು ಓಡಿಕೊಂಡು ಬರ್ತಾರೆ. ಅಮ್ಮ ಮುನಿದ್ರೆ ಮಗುವನ್ನು ನೀನು ಉಳಿಸ್ತೀಯಾ?"

ಮರುದಿನ ಬಟ್ಟೆ ಒಣಗಿಸುವಾಗ ಸಫಿಯಾ ದಾರಿಯಾಚೆಯಿಂದ ಕೂಗಿದಳು: "ಭವಿತಕ್ಕ, ಯಶ್ಮಿತಾ ಎಲ್ಲಿ? ಕಾಣುದೇ ಇಲ್ಲ!"

"ಶೀತ," ಎಂದಳು ಭವಿತಾ.

ಯಶ್ಮಿತಾ ಗುಣವಾದಳು. ಕಮಲಾವತಿ ಅಮ್ಮನಿಗೆ ಹರಕೆಯ ಪೂಜೆ ಗೊತ್ತು ಮಾಡಿದರು. ಅಷ್ಟರಲ್ಲಿ ಅಮೀರಾಳಿಗೆ ಜ್ವರ ಹಿಡಿಯಿತು. ಅದೇ ಗುಳ್ಳೆ. ಸುಳ್ಯದ ಆಸ್ಪತ್ರೆ, ಅಲ್ಲಿಂದ ಮಂಗಳೂರು. ಕಾಯಿಲೆ ಶ್ವಾಸಕೋಶಕ್ಕೆ ಇಳಿದಿತ್ತು. ಅಮೀರಾಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದರು. ಸಿದ್ದೀಕ್ ಮಗಳ ಮುಖವನ್ನು ಫೋನಿನಲ್ಲಿ ಮಾತ್ರ ನೋಡಿದ.

ಹೇಮಶ್ರೀ ಮನೆ ಮನೆ ವಿಚಾರಿಸುತ್ತಾ ಬೋಜಪ್ಪ ಗೌಡರ ಅಂಗಳಕ್ಕೂ ಬಂದರು. ಯಶ್ಮಿತಾಳ ಮೈಮೇಲೆ ಸಿಪ್ಪೆ ಏಳುತ್ತಿದ್ದ ಕಲೆಗಳನ್ನು ನೋಡಿದರು. ಬೈಯಲಿಲ್ಲ. "ಗುಳ್ಳೆ ಎದ್ದ ದಿನವೇ ತಿಳಿಸಿದ್ದರೆ ಆ ಕೂಸಿಗೆ ಕೊಡ್ಲಿಕ್ಕೆ ಮದ್ದು ಇತ್ತು. ಉಳಿಯುವ ಸಾಧ್ಯತೆಯೂ ಇತ್ತು," ಎಂದರಷ್ಟೆ. ಯಾರೋ ಬಸ್ಸಿನ ಹೊತ್ತು ಹೇಳಿದಂತೆ ಭವಿತಾ ಕೇಳಿಸಿಕೊಂಡಳು. ಒಳಗೆ ಹೋಗಿ ಅಕ್ಕಿ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಆಮೇಲೆ ದಾರಿ ದಾಟಿ ಹೋದಳು. ಸಫಿಯಾ ಗೋಡೆ ಬದಿಯ ಚಾಪೆಯಲ್ಲಿದ್ದಳು. ಕುಡಿಯುವವರಿಲ್ಲದ ಹಾಲು ಇಳಿದು ಅಂಗಿಯ ಮುಂಭಾಗ ಒದ್ದೆಯಾಗಿತ್ತು.

"ಸಫಿಯಾ, ಯಶ್ಮಿತಾಳಿಗೆ ದಡಾರ ಆಗಿತ್ತು. ನಾನು ಶೀತ ಅಂತ ಹೇಳಿದೆ."

"ಡಾಕ್ಟ್ರು ಹೇಳಿದ್ರು."

ಭವಿತಾ ಚಾಪೆಯ ಅಂಚಿನಲ್ಲಿ ಕೂತಳು.

"ಅವಳು ಹುಷಾರಾ?" ಎಂದಳು ಸಫಿಯಾ.

"ಹುಷಾರು."

"ಒಳ್ಳೇದಾಯ್ತು," ಎಂದು ಸಫಿಯಾ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಮರುದಿನ ಪೂಜೆ. ಮುಂದೂಡಿದರೆ ಅಮ್ಮ ಮುನಿಯುತ್ತಾಳೆಂದು ಕಮಲಾವತಿ ದಿನ ಬದಲಿಸಲು ಒಪ್ಪಲಿಲ್ಲ. ನೆಂಟರ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಕೂತರು.

"ಭವಿತಾ, ಆರತಿ ಹಿಡಿ."

"ನಾನು ಹಿಡಿಯುದಿಲ್ಲ ಅತ್ತೆ."

ಸಾರು ಬಡಿಸಲಾ ಎಂದು ಕೇಳುವಾಗಿನ ದನಿಯೇ ಅದು, ಏರಿರಲಿಲ್ಲ. "ಅಮ್ಮ ಬಂದು ಹೋದದ್ದಲ್ಲ. ನಮ್ಮ ಮನೆಯ ಕಾಯಿಲೆ ದಾರಿ ದಾಟಿ ಹೋದದ್ದು. ಸಫಿಯಾಳ ಮಗುವನ್ನು ಕೊಂದದ್ದು ನಾವು. ಲಸಿಕೆ ಹಾಕಿಸದೆ ಕೊಂದೆವು, ಬಾಯಿ ಮುಚ್ಚಿಕೊಂಡು ಕೊಂದೆವು. ಗುರುವಾರ ಯಶ್ಮಿತಾಳಿಗೆ ಬಾಕಿ ಇರುವ ಲಸಿಕೆ ಶುರು ಮಾಡಿಸ್ತೇನೆ. ನಿಮ್ಮ ಮಕ್ಕಳಿಗೂ ಹಾಕಿಸದಿದ್ದರೆ ಕರಕೊಂಡು ಬನ್ನಿ."

"ದೇವರ ಎದುರು ಎಂತ ಮಾತು ಇದು! ರೂಪೇಶಾ, ನಿನ್ನ ಹೆಂಡತಿಗೆ ಹೇಳು!"

ರೂಪೇಶ ನೆಲ ನೋಡುತ್ತಾ ನಿಂತ. ಆರತಿಯ ತಟ್ಟೆಯನ್ನು ಕಮಲಾವತಿಯೇ ಎತ್ತಿದರು, ಎತ್ತಿ ಹಾಗೇ ಕೆಳಗಿಟ್ಟರು.

ಗುರುವಾರ ರೂಪೇಶನೇ ಸ್ಕೂಟರ್ ತೆಗೆದ. ಆರೋಗ್ಯ ಕೇಂದ್ರದಲ್ಲಿ ಸೂಜಿ ಚುಚ್ಚಿದಾಗ ಯಶ್ಮಿತಾ ಜೋರಾಗಿ ಅತ್ತಳು. ಭವಿತಾಳ ಕಣ್ಣಲ್ಲಿ ಈಗಲೂ ನೀರಿರಲಿಲ್ಲ. ಮಗುವನ್ನು ಅಪ್ಪಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಳು. ಪೂಜೆಗೆ ಬಂದಿದ್ದ ಕುಮುದಿನಿ ಕೂಸನ್ನು ಎತ್ತಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಒಳಗೆ ಬರಲೋ ಬೇಡವೋ ಎಂದು ನೋಡಿ, ಹತ್ತಿರ ಬಂದಳು.

"ಜ್ವರ ಬರ್ತದಾ?"

"ಬರಬಹುದು," ಎಂದಳು ಭವಿತಾ. "ಬಂದ್ರೆ ಇಳಿಯುತ್ತದೆ." ಬೆಂಚಿನಲ್ಲಿ ಆಚೆ ಸರಿದು ಅವಳಿಗೆ ಜಾಗ ಕೊಟ್ಟಳು.